ದೊಡ್ಡಮ್ಮ ಪಾಸು ಮಾಡಿದ ಗೋಡೆ

ನಮ್ಮ ದೊಡ್ಡಮ್ಮ ಮರಳು ತಿನ್ನುತ್ತಿದ್ದರು. ನಗಬೇಡಿ, ನಾನು ಕಣ್ಣಾರೆ ಕಂಡಿದ್ದೇನೆ! ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಕರಕರ ಅಗಿದು, ಥೂ ಎಂದು ಉಗಿದು, "ಇದ್ರಲ್ಲಿ ಮಣ್ಣೈತೆ, ವಾಪಸ್ ಹೊಡ್ಕೊಂಡ್ಹೋಗು" ಎಂದರೆ ಮುಗಿಯಿತು. ಗಾಡಿಯವನು ಎತ್ತುಗಳನ್ನು ತಿರುಗಿಸಲೇಬೇಕು. ಓದು ಬರಹ ಬಾರದ ಹೆಂಗಸು. ಆದರೆ ಇಟ್ಟಿಗೆ, ಮರಳು, ಸುಣ್ಣದ ವಿಷಯದಲ್ಲಿ ಯಾವ ಇಂಜಿನಿಯರಿಗೂ ಸೊಪ್ಪು ಹಾಕುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಐವತ್ತರ ದಶಕದ ಕೊನೆಯಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ. ತೊಂಡೇಬಾವಿ ಹತ್ತಿರದ ನಮ್ಮೂರಿನ ಶಾಲೆಯ ಮಣ್ಣಿನ ಗೋಡೆ ಮಳೆಗೆ ಕುಸಿದುಬಿತ್ತು. ಬಿದ್ದದ್ದು ನಾವು ಹುಡುಗಿಯರು ಕೂರುತ್ತಿದ್ದ ಕಡೆಗೇ. ಪುಣ್ಯಕ್ಕೆ ಅವತ್ತು ಭಾನುವಾರ. ಹೊಸ ಕೋಣೆ ಮಂಜೂರಾಯಿತು, ಚಿಂತಾಮಣಿ ಕಡೆಯ ಕಂಟ್ರಾಕ್ಟರೊಬ್ಬರು ಬಂದಿಳಿದರು. ಅವರ ಹಿಂದೆಯೇ, ಯಾರೂ ಕರೆಯದಿದ್ದರೂ, ದೊಡ್ಡಮ್ಮನೂ ಹೋಗಿ ನಿಂತರು.

ಮೊದಲು ಇಟ್ಟಿಗೆಗಳಿಗೆ ಗ್ರಹಚಾರ ಕಾದಿತ್ತು. ಎರಡನ್ನು ಕಿವಿಯ ಹತ್ತಿರ ಹಿಡಿದು ಕುಟ್ಟುವುದು. ಠಣ್ ಎಂದರೆ ಪಾಸು, ದಬ್ ಎಂದರೆ ಫೇಲು. ಪಾಸಾದವುಗಳಲ್ಲೂ ನಾಲ್ಕಾರು ನಮ್ಮ ಬಚ್ಚಲ ಹಂಡೆಯಲ್ಲಿ ಒಂದು ದಿನ ಪೂರ್ತಿ ನೆನೆಯಬೇಕು. ಜಾಸ್ತಿ ನೀರು ಕುಡಿದವು ಮತ್ತೆ ಫೇಲು! ದೊಡ್ಡಪ್ಪ ಪಾಪ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದರು.

"ಏನೇ, ನಾನು ಸ್ನಾನ ಮಾಡೋದು ಯಾವಾಗ?"

"ಇಟ್ಟಿಗೆ ಸ್ನಾನ ಮುಗೀಲಿ ತಡೀರಿ. ನೀವೇನು ಗೋಡೆ ಹೊರ್ತೀರಾ?"

ಕಂಟ್ರಾಕ್ಟರಿಗೆ ತಲೆ ಕೆಟ್ಟುಹೋಯಿತು. "ಏಮಮ್ಮಾ, ಇದಕ್ಕೆಲ್ಲ ಸರ್ಕಾರದ ಸ್ಪೆಸಿಫಿಕೇಶನ್ ಐತೆ. ದಪ್ಪ ಪುಸ್ತಕ, ಇಂಗ್ಲಿಷಲ್ಲಿ!" ಎಂದರು.

"ಗೋಡೆಗೆ ಇಂಗ್ಲಿಷ್ ಬರ್ತದೇನಪ್ಪ?" ಎಂದರು ದೊಡ್ಡಮ್ಮ.

ಕೊನೆಗೆ ಸುಣ್ಣ ಬಂತು. ಬೆಳ್ಳಗೆ ಗುಡ್ಡೆ ಬಿದ್ದಿತ್ತು. ಅದನ್ನು ಒಪ್ಪಲು ಗೌರಿಬಿದನೂರಿನಿಂದ ಓವರ್‌ಸಿಯರ್ ಸಾಹೇಬರೂ ಬಂದಿದ್ದರು. ಅವರು ಹೂಂ ಎಂದರೆ ಮಾರನೆಯ ದಿನವೇ ಗಾರೆ ಅರೆಯುವ ಕೆಲಸ ಶುರು. ಊರೆಲ್ಲ ಸೇರಿತ್ತು. ದೊಡ್ಡಮ್ಮ ನಿಧಾನವಾಗಿ ತಮ್ಮ ಎಲೆಯಡಿಕೆ ಚೀಲ ಬಿಚ್ಚಿದರು. ಎಲೆ ಒರೆಸಿ, ಅಡಿಕೆ ಇಟ್ಟು, ಆ ಗುಡ್ಡೆಯ ಸುಣ್ಣವನ್ನೇ ಒದ್ದೆ ಬೆರಳಿನಿಂದ ಸವರಿ, ಮಡಿಸಿ ಕಂಟ್ರಾಕ್ಟರ ಕೈಗೆ ಕೊಟ್ಟರು.

"ಅಗಿಯಪ್ಪ."

ಇಷ್ಟು ಜನರ ಮುಂದೆ ಬೇಡ ಎನ್ನುವುದು ಹೇಗೆ? ಅಗಿದರು.

"ಈಗ ನಾಲಿಗೆ ತೋರ್ಸು."

ತೋರಿಸಿದರು. ಅಷ್ಟು ಅಗಿದರೂ ಬರೀ ಹಸಿರು! ದೊಡ್ಡಮ್ಮ ತಮ್ಮ ಡಬ್ಬಿಯ ಸುಣ್ಣ ಸವರಿದ ಒಂದು ಎಲೆ ಹಾಕಿಕೊಂಡು, ಅಗಿದು, ತಮ್ಮ ನಾಲಿಗೆಯನ್ನೂ ಊರಿಗೆಲ್ಲ ತೋರಿಸಿದರು. ಕೆಂಪೆಂದರೆ ಕೆಂಪು! "ಗಾಳಿಗೆ ಬಿದ್ದು ಸತ್ತೋಗಿರೋ ಸುಣ್ಣ ಕಣಪ್ಪ ಇದು. ಒಂದು ಎಲೆ ಕೆಂಪು ಮಾಡಕ್ಕಾಗ್ದಿದ್ದು ಇಟ್ಟಿಗೆ ಹಿಡ್ಕೊಂಡು ನಿಲ್ತದಾ?"

ಸಾಹೇಬರು ಸ್ವತಃ ದಿನಕ್ಕೆ ಹತ್ತು ಪಾನ್ ಹಾಕುವವರು. ಅವರಿಗೆ ಬೇರೆ ವಿವರಣೆ ಬೇಕೆ? ಗಂಭೀರವಾಗಿ ಪುಸ್ತಕ ತೆಗೆದು, ಓದಿ ಓದಿ ಕನ್ನಡದಲ್ಲಿ ಹೇಳಿದರು: ಸುಣ್ಣ ಹೊಸದಾಗಿ ಸುಟ್ಟದ್ದಿರಬೇಕು, ಗಾಳಿಗೆ ಕೆಟ್ಟದ್ದು ಕೂಡದು. ಮರಳಿನಲ್ಲಿ ಮಣ್ಣಿರಬಾರದು. ಇಟ್ಟಿಗೆ ಬಡಿದರೆ ಠಣ್ ಎನ್ನಬೇಕು. "ಅರೆ, ಅಮ್ಮ ಹೇಳಿದ್ದೇ ಇದ್ರಲ್ಲೂ ಐತಲ್ರೀ!"

"ಹಂಗಾದ್ರೆ ಸರ್ಕಾರಕ್ಕೂ ಒಬ್ಬ ದೊಡ್ಡಮ್ಮ ಅವ್ಳೆ ಅನ್ನಿ!" ಎಂದರು ದೊಡ್ಡಮ್ಮ. ಸುಣ್ಣ ಬಂದ ಗಾಡಿಯಲ್ಲೇ ವಾಪಸಾಯಿತು. ಆಮೇಲೆ ಒಂದು ಹಿಡಿ ಮರಳು ಇಳಿಸಬೇಕಾದರೂ ಕಂಟ್ರಾಕ್ಟರು ಮೊದಲು ನಮ್ಮನೆ ಜಗಲಿಗೆ ಬಂದು ಕೂರುತ್ತಿದ್ದರು.

ಕೋಣೆ ಎದ್ದಿತು. ಮುಂದಿನ ಮಳೆ ಮೂರು ದಿನ ಬಿಡದೆ ಬಡಿದರೂ ಗೋಡೆ ಬೆವರಲಿಲ್ಲ! ಹೊಸ ಕೋಣೆಯಲ್ಲಿ ಪಾಠ ಶುರುವಾದ ದಿನ ಹೊರಗೆ ದೊಡ್ಡವರಿಗೆಲ್ಲ ಹಾರ ಬೀಳುತ್ತಿತ್ತು. ದೊಡ್ಡಮ್ಮ ಮಾತ್ರ ನನ್ನ ಕೈ ಹಿಡಿದು ಒಳಗೆ ಬಂದರು.

"ನೀನು ಕೂರೋದು ಎಲ್ಲಮ್ಮ?"

ತೋರಿಸಿದೆ. ಅಲ್ಲಿನ ಗೋಡೆಯನ್ನು ನೆಲದಿಂದ ಹಿಡಿದು ಕೈ ಎಟಕುವವರೆಗೂ ಬೆರಳ ಗೆಣ್ಣಿನಿಂದ ತಟ್ಟುತ್ತಾ, ಕಿವಿಯಿಟ್ಟು ಕೇಳುತ್ತಾ ಹೋದರು. ನನಗೆ ನಗು ತಡೆಯಲಾಗಲಿಲ್ಲ. "ಎಲ್ಲಾ ಪಾಸಾಗೈತಲ್ಲ ದೊಡ್ಡಮ್ಮ, ಇನ್ನೇನು?" ಎಂದೆ.

ಅವರು ನಗಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಅವತ್ತು ಭಾನುವಾರ ಅಲ್ದಿದ್ರೆ ಏನ್ಮಾಡ್ತಿದ್ದೆ ನಾನು?" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಜಾಗದಲ್ಲಿ ತಾವೇ ಕುಳಿತು, ಬೆನ್ನನ್ನು ಗೋಡೆಗೆ ಗಟ್ಟಿಯಾಗಿ ಒತ್ತಿ ನೋಡಿದರು. ಆಮೇಲೆ ಎದ್ದು, ಜಾಗ ಬಿಟ್ಟುಕೊಟ್ಟು ಹೇಳಿದರು:

"ಈಗ ಕೂತ್ಕೋ ತಾಯಿ."