ಹೊಗಳಿ ತಂದ ಕಲ್ಲು

ಹೊಸ್ನಿಯಾ: ಏನಂದ್ರಿ? ನಮ್ಮಮ್ಮ ಕೊಟ್ಟ ಕಲ್ಲನ್ನ ಸಂಡಿಗೆ ಥರ ತಾರಸಿ ಮೇಲೆ ಒಣಗಿಸ್ತೀರಾ?

ಪ್ರಸೋಜೊ: ಒಂದೇ ವಾರ ಕಣೇ. ಬಿಸಿಲಿಗಿಟ್ರೆ ಅದರ ಮೇಲಿರೋ ಕುಟುಕು ಹೂವೆಲ್ಲ ಸಾಯುತ್ತೆ. ಆಮೇಲೆ ತೊಳೆದು ವಾಪಸ್ ಇಡ್ತೀನಿ.

ಹೊಸ್ನಿಯಾ: ಅಮ್ಮ ಆಗಲೇ ಮದುರಾ ದ್ವೀಪದಲ್ಲಿ ಬಸ್ ಹತ್ತಿ ಆಗಿದೆ. ಬಂದವಳೇ ಮೊದಲು ನೋಡೋದು ಆ ಕಲ್ಲನ್ನೇ. ಎಲ್ಲಿ ಅಂತ ಕೇಳಿದ್ರೆ ಏಣಿ ತೋರಿಸ್ಲಾ?

ಸುರಬಾಯಾ ಪಟ್ಟಣದ ನಮ್ಮ ಓಣಿಯಲ್ಲಿ ಗೋಡೆಗಳು ತೆಳು. ಪಕ್ಕದ ಮನೆಯ ಗಂಡ ಹೆಂಡಿರ ಈ ಜಗಳದ ಮೊದಲರ್ಧ ನನಗೆ ಮನೆಯಲ್ಲೇ ಕೇಳಿಸಿತ್ತು. ಉಳಿದರ್ಧಕ್ಕೆಂದು ಕಾಫಿಯ ನೆಪ ಮಾಡಿಕೊಂಡು ಅವರ ಮನೆಗೆ ಹೋಗಿ ಕುಳಿತೆ. ಕಾಫಿ ಬರುವ ಲಕ್ಷಣ ಕಾಣಲಿಲ್ಲ.

ಪ್ರಸೋಜೊ ಕೈಯಲ್ಲಿ ಸಿರಿಂಜ್ ಹಿಡಿದು ತನ್ನ ಉಪ್ಪುನೀರಿನ ಅಕ್ವೇರಿಯಂ ಮುಂದೆ ಮೊಣಕಾಲೂರಿದ್ದ. ನಾಲ್ಕು ವರ್ಷದ ಹಿಂದೆ ಹೆಬ್ಬೆಟ್ಟಿನಷ್ಟಿದ್ದ ಹಸಿರು ಹವಳವನ್ನು ಅವನು ಅದರಲ್ಲಿ ಬೊಗಸೆ ತುಂಬುವಷ್ಟು ಬೆಳೆಸಿದ್ದಾನೆ. ಮಕ್ಕಳಿಲ್ಲದ ಮನೆಯಲ್ಲಿ ಅದಕ್ಕೆ ಸಿಗುವ ಮುದ್ದು ನಾನು ಕಂಡಿದ್ದೇನೆ. ಈಗ ಅದರ ಒಂದು ಬದಿ ಸುಟ್ಟಂತೆ ಮುದುಡಿತ್ತು. ಅತ್ತೆಯ ಕಲ್ಲಿಗೆ ಅಂಟಿಕೊಂಡು ಬಂದ ಕಂದು ಹೂಗಳು ಅದನ್ನು ಕುಟುಕುತ್ತಿದ್ದವು. ಹೂ ಎಂದದ್ದು ನೋಟಕ್ಕೆ ಮಾತ್ರ. ಅವು ಬಾಯಿ, ಹೊಟ್ಟೆ ಎರಡೂ ಇರುವ ಪ್ರಾಣಿಗಳು.

ಪ್ರಸೋಜೊ: ಬಂದಾಗ ಎರಡಿತ್ತು. ಈಗ ಎಣಿಸು, ನಲವತ್ತು!

ಹೊಸ್ನಿಯಾ: ಎರಡನ್ನ ನಲವತ್ತು ಮಾಡಿದ್ದು ಯಾರು? ಚಾಕು ತಗೊಂಡು ಕೊಚ್ಚಿದ್ದು ನಮ್ಮಮ್ಮನಾ?

ಪ್ರಸೋಜೊ: ಪ್ರತಿ ಚೂರೂ ಬೇರೆ ಹೂವಾಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?

ಹೊಸ್ನಿಯಾ: ಆಮೇಲೆ ಅದನ್ನ ತಿನ್ನುತ್ತೆ ಅಂತ ಒಂದು ಸೀಗಡಿ ತಂದ್ರಿ.

ಪ್ರಸೋಜೊ: ತಿನ್ನುತ್ತೆ. ಹಸಿವಾದಾಗ.

ಹೊಸ್ನಿಯಾ: ಹಸಿವಾಗೋಕೆ ಬಿಡಬೇಕಲ್ಲ! ಮೀನಿಗೆ ಹಾಕೋದೆಲ್ಲ ಅದೇ ತಿಂದು ತಿಂದು, ಈಗ ನಮ್ಮ ಓಣಿ ಮುಖ್ಯಸ್ಥರ ಥರ ಹೊಟ್ಟೆ ಬಿಟ್ಟಿದೆ.

ಓಣಿಯ ಮುಖ್ಯಸ್ಥ ನಾನೇ. ಹೊಟ್ಟೆ ಒಳಗೆಳೆದುಕೊಂಡು ಕುಳಿತೆ.

ಹೊಸ್ನಿಯಾ: ಅದಾದ್ಮೇಲೆ ಸಿರಿಂಜ್. ಕೋಳಿ ಸಾರಿಗೆ ಇಟ್ಟಿದ್ದ ನಿಂಬೆಹಣ್ಣೆಲ್ಲ ಖಾಲಿ. ಹೂವಿಗೆ ಇಂಜೆಕ್ಷನ್, ನಮಗೆ ಸಪ್ಪೆ ಸಾರು.

ಪ್ರಸೋಜೊ: ನಿಂಬೆರಸ ಚುಚ್ಚಿದ್ರೆ ಸಾಯುತ್ತೆ ಕಣೇ. ಆದ್ರೆ ಸೂಜಿ ಕಂಡ ತಕ್ಷಣ ಕಲ್ಲಿನ ತೂತಿನೊಳಗೆ ನುಗ್ಗಿಬಿಡುತ್ತೆ. ಅದಕ್ಕೇ ಕಲ್ಲನ್ನೇ ಆಚೆ ತೆಗೀಬೇಕು ಅನ್ನೋದು.

ಹೊಸ್ನಿಯಾ: ಅಷ್ಟು ಬೇಡದ ಕಲ್ಲನ್ನ ಅವತ್ತು ಯಾಕ್ರೀ ಹೊಗಳಿದ್ರಿ?

ಪ್ರಸೋಜೊ: ಮತ್ತೇನು ಮಾಡ್ಲಿ? ನಿಮ್ಮಮ್ಮ ನೀರಲ್ಲಿ ಮುಳುಗಿಸಿಟ್ಟ ಏಡಿ ಬುಟ್ಟಿ ಎತ್ತಿ ತೋರಿಸಿದ್ರು. ಏನಾದ್ರೂ ಹೇಳ್ಬೇಕಲ್ಲ. ಏಡಿ ಹೊಗಳಿದ್ರೆ ಏಡಿ ಕೊಟ್ಬಿಡ್ತಾರೆ, ಬುಟ್ಟಿ ಹೊಗಳಿದ್ರೆ ಬುಟ್ಟಿ. ಕಲ್ಲನ್ನ ಹೊಗಳಿದ್ರೆ ಯಾರಿಗೂ ನಷ್ಟ ಇಲ್ಲ ಅಂದ್ಕೊಂಡು, 'ಎಂಥಾ ಕಲ್ಲು ಅತ್ತೆ!' ಅಂದೆ. ಅರ್ಧ ಗಂಟೇಲಿ ಅದು ನನ್ನ ಸ್ಕೂಟರ್ ಮೇಲಿತ್ತು.

ಹೊಸ್ನಿಯಾ: ಬೇಡ ಅನ್ನಬೇಕಿತ್ತು.

ಪ್ರಸೋಜೊ: ಮೂರು ಸಲ ಅಂದೆ!

ಹೊಸ್ನಿಯಾ: ಮೂರು ಸಲ ಬೇಡ ಅಂದ್ರೆ ಬೇಕು ಅಂತ. ಅಷ್ಟೂ ಗೊತ್ತಿಲ್ವಾ? ನಾಲ್ಕನೇ ಸಲ ಅನ್ನಬೇಕಿತ್ತು.

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಹೊಸ್ನಿಯಾಳ ತಾಯಿ ಸಾಮ್ರಾ ಬಂದಳು. ಮೊದಲೆಲ್ಲ ಹತ್ತು ಹನ್ನೆರಡು ಏಡಿ ತರುತ್ತಿದ್ದವಳ ಚೀಲದಲ್ಲಿ ಈ ಸಲ ಎರಡೇ ಇದ್ದವು. ಮಗಳ ಕೈಗೆ ಅದನ್ನು ಕೊಟ್ಟು, ನೇರ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಪ್ರಸೋಜೊ ಸಿರಿಂಜನ್ನು ಬೆನ್ನ ಹಿಂದೆ ಅಡಗಿಸಿದ.

ಸಾಮ್ರಾ: ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀಯ ಮಗ. ಮೈತುಂಬ ಹೂ ಬಿಟ್ಟಿದೆ.

ಪ್ರಸೋಜೊ: ದಿನಾ ಅದರದ್ದೇ ಆರೈಕೆ, ಅತ್ತೆ.

ಹೊಸ್ನಿಯಾ: ಎರಡೇ ಏಡಿನಾ ಅಮ್ಮ?

ಸಾಮ್ರಾ: ಬುಟ್ಟಿ ನಿಲ್ಲಲ್ಲ ಮಗಳೇ. ಉಬ್ಬರ ಬಂದ್ರೆ ತೇಲಿ ಹೋಗುತ್ತೆ. ಇದ್ದ ಏಡಿಗಳೆಲ್ಲ ಸಮುದ್ರದ ಪಾಲು.

ಹೊಸ್ನಿಯಾ: ಭಾರಕ್ಕೆ ಕಲ್ಲು ಕಟ್ಟೋದಲ್ವಾ?

ಸಾಮ್ರಾ: ಕಟ್ಟಿದ್ದೆ. ಅದೇ, ಅಲ್ಲಿದೆಯಲ್ಲ.

ಅವಳ ಗದ್ದ ಅಕ್ವೇರಿಯಂ ಕಡೆ ತಿರುಗಿತು.

ಹೊಸ್ನಿಯಾ: ಬುಟ್ಟಿ ಕಲ್ಲನ್ನೇ ಬಿಚ್ಚಿ ಕೊಟ್ಯಾ?

ಸಾಮ್ರಾ: ಅಳಿಯ ಬಾಯಿ ಬಿಟ್ಟು ಹೊಗಳಿದ ಮೇಲೆ ಕೊಡದೇ ಇರೋಕಾಗುತ್ತಾ? ನಿಮ್ಮಪ್ಪ ಮೂರು ದಿನ ದಡ ಹುಡುಕಿ ತಂದ ಕಲ್ಲು. ಹಗ್ಗ ತೂರಿಸೋಕೆ ತಾನಾಗೇ ತೂತಿತ್ತು. ಅವರು ಹೋದ್ಮೇಲೆ ದಿನಾ ಬೆಳಿಗ್ಗೆ ಹಗ್ಗ ಎಳೀವಾಗ ಅದರ ಹತ್ರ ಒಂದೆರಡು ಮಾತಾಡ್ತಿದ್ದೆ. ವಾಪಸ್ ಕೇಳೋಣ ಅಂತ್ಲೇ ಪ್ರತಿ ಸಲ ಬರ್ತೀನಿ. ಇವನು ಮಗು ಥರ ನೋಡ್ಕೊಳ್ಳೋದು ಕಂಡು ಸುಮ್ಮನೆ ಹೋಗ್ತೀನಿ.

ಅವಳ ದನಿ ಸಣ್ಣದಾಯಿತು. ಪ್ರಸೋಜೊನ ಸಿರಿಂಜ್ ಕೈಜಾರಿ ನೆಲಕ್ಕೆ ಬಿತ್ತು.

ಪ್ರಸೋಜೊ: ತಗೊಂಡು ಹೋಗಿ ಅತ್ತೆ! ಈಗಲೇ! ಅದು ಹೂವಲ್ಲ, ಪೀಡೆ!

ಸಾಮ್ರಾ: ಪೀಡೆ ಅಂತ ಗೊತ್ತು. ನಮ್ಮ ಕಡೆ ಚಿಟ್ಟೆಮೀನು ಅದನ್ನ ತಿಂದು ಮುಗಿಸುತ್ತೆ. ನೀನು ಸಾಕ್ತಿದ್ದೀಯಲ್ಲ, ಪಟ್ಟಣದವರ ಶೋಕಿ ಇರಬೇಕು ಅಂದ್ಕೊಂಡೆ.

ಪ್ರಸೋಜೊ: ಅವತ್ತು ಸುಮ್ಮನೆ ಮರ್ಯಾದೆಗೆ ಹೊಗಳಿದ್ದು ಅತ್ತೆ!

ಸಾಮ್ರಾ: ಓಹೋ. ಮರ್ಯಾದೆಗೆ.

ಹೊಸ್ನಿಯಾ ಹಣೆ ಚಚ್ಚಿಕೊಂಡಳು. ಅಳಿಯ ಕಲ್ಲನ್ನು ತೆಗೆದು ಬಕೆಟ್ಟಿಗೆ ಇಳಿಸಿದ. ಸಾಮ್ರಾ ಗಾಜಿನ ಮೇಲೆ ಬೆರಳಿಟ್ಟಳು.

ಸಾಮ್ರಾ: ಈ ಹಸಿರು ಹವಳ... ಆಹಾ, ಎಂಥಾ ಚೆಂದ ಮಗ!

ಪ್ರಸೋಜೊನ ಮುಖ ಬಿಳಿಚಿಕೊಂಡಿತು. ನನ್ನ ಕಡೆ ನೋಡಿದ. ಓಣಿಯ ಮುಖ್ಯಸ್ಥರು ಇಂಥದ್ದರಲ್ಲೆಲ್ಲ ತಲೆ ಹಾಕುವುದಿಲ್ಲ.

ಪ್ರಸೋಜೊ: ಇಷ್ಟ ಆದ್ರೆ... ತಗೊಂಡು ಹೋಗಿ ಅತ್ತೆ.

ಸಾಮ್ರಾ: ಅಯ್ಯೋ, ಬೇಡ.

ಪ್ರಸೋಜೊ: ಇರ್ಲಿ, ತಗೊಳ್ಳಿ.

ಸಾಮ್ರಾ: ಬೇಡಪ್ಪ.

ಪ್ರಸೋಜೊ: ಪರವಾಗಿಲ್ಲ ಅತ್ತೆ.

ಸಾಮ್ರಾ: ಬೇಡ ಮಗ.

ಹೊಸ್ನಿಯಾ (ಮೆಲ್ಲಗೆ): ಮೂರಾಯ್ತು.

ಅವನು ಇನ್ನೊಂದು ಬಕೆಟ್ ತಂದ. ಹವಳವನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ. ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯಂತೆ ಅದನ್ನೇ ನೋಡುತ್ತ ನಿಂತ. ಸಾಮ್ರಾ ಅವನ ಮುಖವನ್ನು ತೃಪ್ತಿಯಾಗುವಷ್ಟು ಹೊತ್ತು ನೋಡಿದಳು.

ಸಾಮ್ರಾ: ಈಗ ಗೊತ್ತಾಯ್ತಾ, ಅವತ್ತು ನನಗೆ ಹೇಗಾಗಿತ್ತು ಅಂತ? ನಾಲ್ಕನೇ ಸಲ ಹೇಳ್ತಿದ್ದೀನಿ. ಬೇಡ. ವಾಪಸ್ ಇಡು.

ಅದನ್ನು ಅವನು ಎಷ್ಟು ಬೇಗ ವಾಪಸ್ ಇಟ್ಟನೆಂದರೆ ಅರ್ಧ ನೀರು ನನ್ನ ಮೇಲಿತ್ತು. ಆಗ ಬಂತು ನನ್ನ ಕಾಫಿ, ನೀಲಿ ಬಳ್ಳಿಯ ಹೊಸ ಪಿಂಗಾಣಿ ಬಟ್ಟಲಿನಲ್ಲಿ. ಬಟ್ಟಲು ನೋಡಿ ಬಾಯಿ ತೆರೆದೆ. ಮೂವರೂ ಒಟ್ಟಿಗೆ ನನ್ನತ್ತ ತಿರುಗಿದರು.

ನಾನು: ಕಾಫಿ... ಬಿಸಿಯಾಗಿದೆ.