ಗಂಟಲು ಕಟ್ಟಿದ ಮೌಲವಿಯ ಪಾಡು

ಜನರಿಗೆ ಬುದ್ಧಿ ಹೇಳುವ ಕೆಲಸ ಹಿಡಿದವನೆಂದರೆ ಪಜೀತಿಗಳಿಗೆ ಬಲು ಪ್ರೀತಿ. ಮನೆ ವಿಚಾರಿಸಿಕೊಂಡು ಬರುತ್ತವೆ. ನಾನು ಕುಂದಾಪುರದ ಕಡೆಯ ಮೌಲವಿ. ಕುರ್‌ಆನಿನ ಮಾತನ್ನು ಜನರಿಗೆ ತಿಳಿಯುವ ಕನ್ನಡದಲ್ಲಿ ಹೇಳುತ್ತೇನೆಂದು ಬ್ರಹ್ಮಾವರದಿಂದ ಬೈಂದೂರಿನವರೆಗೆ ಕರೆಯುತ್ತಾರೆ. ಮೊಬೈಲಿನಲ್ಲಿ ವಿಡಿಯೋ ಓಡಾಡತೊಡಗಿದ ಮೇಲಂತೂ ಮನೆಯಲ್ಲಿ ನೆಮ್ಮದಿಯಾಗಿ ಗಂಜಿ ಉಂಡದ್ದು ನೆನಪಿಲ್ಲ. ಈ ವರ್ಷ ಗಂಟಲು ಸೋತುಹೋಯಿತು. ಬಾಯಿ ತೆರೆದರೆ ಸ್ವರಕ್ಕಿಂತ ಗಾಳಿಯೇ ಜಾಸ್ತಿ. ನನಗೆ ಬೇರೆ ಕೆಲಸ ಬಾರದು. ಸ್ವರ ಹೋದರೆ ನನ್ನನ್ನು ಯಾರು ಕರೆದಾರು ಎಂಬ ಹೆದರಿಕೆ ಬೇರೆ. ಇದೆಲ್ಲ ಆ ದಿನಗಳಲ್ಲಿ ಆದದ್ದು.

ನಿದ್ರೆಯ ಮದ್ದು

ಬ್ರಹ್ಮಾವರದ ಕಾರ್ಯಕ್ರಮ ಮುಗಿಸಿ, ಮರುದಿನ ಬೆಳಿಗ್ಗೆ ಯಾವುದೋ ಕೆಲಸಕ್ಕೆ ಹೊರಟವನು ತಲ್ಲೂರಿನಲ್ಲಿ ಚಹಾಕ್ಕೆ ನಿಂತೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದಿದ್ದ ಶೆಟ್ಟರು ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು. ನನ್ನನ್ನು ಕಂಡದ್ದೇ ಎದ್ದು ಬಂದು, ಸಿಟ್ಟಿನ ಬಗ್ಗೆ ನಾನು ಮಾಡಿದ ಪ್ರವಚನವನ್ನು ದಿನಾ ಕೇಳುತ್ತೇನೆ ಎಂದರು. ಒಬ್ಬರಿಗಾದರೂ ಉಪಯೋಗವಾಯಿತಲ್ಲ ಎಂದು ದಣಿವೆಲ್ಲ ಇಳಿದಂತಾಯಿತು. ಯಾವ ಮಾತು ಹಿಡಿಸಿತು ಎಂದು ಕೇಳಿದೆ.

"ಹ್ವಾಯ್, ಅದೆಂತದೂ ಗೊತ್ತಿಲ್ಲ ಮರಾಯ್ರೆ. ಬೊಂಬಾಯಲ್ ಇದ್ದಾಗಿಂದ ನಂಗೆ ನಿದ್ರಿ ಇರ್ಲಿಲ್ಲ. ನಿಮ್ದ್ ಹಾಕಂಡ್ ಮನಿಕಂಡ್ರೆ ಶುರುವಾತಿದ್ದಂಗೇ ಗೊರ್ಕಿ."

ಹೊಸ ವಿಡಿಯೋ ಮಾತ್ರ ಅಷ್ಟು ಒಳ್ಳೆಯದಿಲ್ಲವಂತೆ. ನಡುನಡುವೆ ಸ್ವರ ಒಡೆಯುತ್ತದೆ, ಅವರಿಗೆ ಎಚ್ಚರವಾಗುತ್ತದೆ. ಗಂಟಲು ಬೇಗ ಸರಿ ಮಾಡಿಕೊಳ್ಳಿ ಎಂದು ತಾವೇ ಶುಂಠಿ ಚಹಾ ಮಾಡಿಸಿ ಕೊಟ್ಟರು.

ಡಾಕ್ಟರರ ಅತ್ತೆ

ಕೊನೆಗೆ ಕುಂದಾಪುರದ ಡಾಕ್ಟರರ ಬಳಿ ಹೋದೆ. ಅವರು ಬಾಯಿಗೆ ಬೆಳಕು ಬಿಟ್ಟು ನೋಡಿದರು. ಕೆಲವು ವಾರ ಪೂರ್ತಿ ಮೌನ, ಪಿಸುಮಾತು ಕೂಡ ಬೇಡ, ಹಟ ಮಾಡಿದರೆ ಇದ್ದ ಸ್ವರವೂ ಹೋದೀತು ಎಂದರು. ನಾನು ಶಾಲೆಯ ಹುಡುಗನಂತೆ ತಲೆಯಾಡಿಸಿದೆ. ಆಮೇಲೆ ಅವರು ಸ್ವಲ್ಪ ಸಂಕೋಚದಿಂದ, ಶಂಕರನಾರಾಯಣದಿಂದ ಅತ್ತೆ ಬಂದಿದ್ದಾರೆ, ನಿಮ್ಮ ಮಾತೆಂದರೆ ಪ್ರಾಣ, ಒಂದೇ ಒಂದು ಮಾತಾಡಿಬಿಡಿ ಎಂದರು.

ಅತ್ತೆ ಒಳಗೆ ಬಂದು ಕುರ್ಚಿ ಎಳೆದು ಕೂತರು. ಅಳಿಯ ದೊಡ್ಡ ಡಾಕ್ಟರಾದ ಮೇಲೆ ಊರಿನ ಕಡೆ ತಲೆ ಹಾಕುವುದಿಲ್ಲವೆಂಬುದು ಅವರ ದೂರು. "ಊರಿಗೆಲ್ಲ ಹೇಳ್ತ್ರಿ, ಇವ್ರಿಗೂ ಒಂಚೂರ್ ಹೇಳಿ" ಎಂದರು. ಹಿರಿಯರ ಮಾತು, ಮೀರುವುದು ಹೇಗೆ? ಹೆತ್ತವರ ಹಕ್ಕು, ಅತ್ತೆ ಮಾವಂದಿರ ಹಕ್ಕು ಎಲ್ಲವನ್ನೂ ಕೀರಲು ಸ್ವರದಲ್ಲಿ ಬಿಡಿಸಿ ಹೇಳಿದೆ. ಅತ್ತೆ ಅತ್ತರು. ಡಾಕ್ಟರರೂ ಕಣ್ಣು ಒರೆಸಿಕೊಂಡು, ಬರುವ ಭಾನುವಾರವೇ ಬರುತ್ತೇನೆ ಎಂದು ಮಾತು ಕೊಟ್ಟರು. ಅತ್ತೆ ಹೊರಗೆ ಹೋದ ಮೇಲೆ ಮತ್ತೆ ನನ್ನ ಬಾಯಿಗೆ ಬೆಳಕು ಬಿಟ್ಟರು. ಈಗಷ್ಟೇ ಹೇಳಿದ್ದಲ್ಲವೇ, ರೋಗಿಗಳು ಮಾತು ಕೇಳದಿದ್ದರೆ ನಾವೇನು ಮಾಡುವುದು ಎಂದು ಗದರಿದರು.

ಈರುಳ್ಳಿ

ಪ್ರವಾದಿಯವರು ಮನೆಗೆಲಸಕ್ಕೆ ಕೈ ಹಾಕುತ್ತಿದ್ದರು, ಗಂಡಸರು ಅಡುಗೆಮನೆಗೆ ಹೋಗಬೇಕು ಎಂದು ನಾನು ಹೇಳಿದ ವಿಡಿಯೋ ಹೆಂಗಸರ ನಡುವೆ ಬಹಳ ಓಡಿತ್ತು. ಮೌನದ ಮೊದಲ ವಾರದಲ್ಲೇ ನೆರೆಯ ಹೆಂಗಸರು ರೋಗಿಯನ್ನು ನೋಡಲು ಬಂದರು. ನೋಡಿದರು, ಆದರೆ ಹೋಗಲಿಲ್ಲ. ಹೇಳಿದ್ದನ್ನು ಮಾಡುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದಾರೆಂದು ನನ್ನ ಹೆಂಡತಿಗೆ ಅರ್ಥವಾಯಿತು. ಒಂದು ಬುಟ್ಟಿ ಈರುಳ್ಳಿ, ಚೂರಿ ತಂದು ನನ್ನ ಮುಂದಿಟ್ಟಳು. ನಾನು ಎರಡೂ ಕೈಯಾಡಿಸಿ, ಬೇಡ ಮಾರಾಯ್ತಿ ಎಂದು ಸನ್ನೆ ಮಾಡಿದೆ.

ಅವಳು ಹೆಂಗಸರ ಕಡೆ ತಿರುಗಿ, "ಕಂಡ್ರ್ಯಾ, ಇಷ್ಟ್ ಸಾಕಾತಿಲ್ಲ ಅಂತ್ರ್" ಎಂದು ಬೆಳ್ಳುಳ್ಳಿಯನ್ನೂ ತಂದಿಟ್ಟಳು.

ದುಆ

ಬೈಂದೂರಿನ ಕಡೆಯ ಒಂದು ಕಾರ್ಯಕ್ರಮಕ್ಕೆ ಬಹಳ ಹಿಂದೆಯೇ ಒಪ್ಪಿಕೊಂಡಿದ್ದೆ. ಕ್ಷಮೆ ಕೇಳಿ ಬರೋಣವೆಂದು ಹೋದೆ. ಕಮಿಟಿಯ ಅಧ್ಯಕ್ಷರು ಬಿಡಲಿಲ್ಲ. ಸುಮ್ಮನೆ ವೇದಿಕೆಯಲ್ಲಿ ಕೂತರೆ ಸಾಕು ಎಂದು ಶಾಲು ಹೊದಿಸಿ ಕೂರಿಸಿದರು. ಊರಿನ ಮಸೀದಿಯಲ್ಲಿ ಶುಕ್ರವಾರದ ಪ್ರವಚನ ಮಾಡುವ ಖತೀಬರೇ ನನ್ನ ಬದಲು ಮಾತಾಡಿದರು. ಜನ ನನ್ನನ್ನೇ ನೋಡುತ್ತಿದ್ದರು. ಸ್ವರವಿಲ್ಲದೆ ಹಾಗೆ ಕೂರಲು ನನಗೆ ಬಹಳ ನಾಚಿಕೆಯಾಯಿತು.

ನಮ್ಮಲ್ಲಿ ಸಭೆ ಮುಗಿಯುವುದು ದುಆದಿಂದ. ಒಬ್ಬರು ಕೈಯೆತ್ತಿ ಜನರ ಪರವಾಗಿ ಒಂದೊಂದೇ ಬೇಡಿಕೆ ಇಡುತ್ತಾರೆ, ಜನ ಒಂದೊಂದಕ್ಕೂ ಆಮೀನ್ ಎನ್ನುತ್ತಾರೆ. ಅದು ಮುಗಿಯದೆ ಬಿರಿಯಾನಿಯ ಮುಚ್ಚಳ ತೆರೆಯುವುದಿಲ್ಲ. ನನ್ನ ದುಆ ಬಲು ಉದ್ದವೆಂದು ಅಡುಗೆಯವರ ದೂರು ಮೊದಲಿನಿಂದಲೂ ಇದೆ. ಖತೀಬರು ಕೈಯೆತ್ತುವಷ್ಟರಲ್ಲಿ ಹೆಂಗಸರ ಕಡೆಯಿಂದ ಹೇಳಿಕೆ ಬಂತು: ನಾವು ದೂರದಿಂದ ಬಂದದ್ದು ಆ ಮೌಲವಿಗಳ ದುಆಕ್ಕೆ, ಅವರೇ ಮಾಡಲಿ.

ಎದ್ದು ನಿಂತು ಕೈಯೆತ್ತಿದೆ. ತುಟಿ ಆಡಿತು, ಸ್ವರ ಬರಲಿಲ್ಲ. ಬಿಜೂರಿನಿಂದ ಬಂದಿದ್ದ ಮೈಕಿನವರು ತಮ್ಮ ಮೈಕು ಕೆಟ್ಟಿತೆಂದು ಗಾಬರಿಯಾಗಿ ಸಿಕ್ಕಿದ ಗುಂಡಿಯನ್ನೆಲ್ಲ ತಿರುಗಿಸಿದರು. ಸ್ಪೀಕರ್ ಪೆಟ್ಟಿಗೆ ಕುಂಯ್ಯೋ ಎಂದು ಕೂಗಿತು. ಕಣ್ಣು ಮುಚ್ಚಿ ಕೂತಿದ್ದ ಪೆಂಡಾಲು ಒಟ್ಟಿಗೆ ಆಮೀನ್ ಎಂದಿತು. ಇನ್ನೇನು ಮಾಡುವುದು? ಮುಂದುವರಿಸಿದೆ. ನಾನು ಒಳಗೊಳಗೇ ಕೇಳಿದ್ದು ಒಂದೇ, ಯಾ ಅಲ್ಲಾಹ್, ನನ್ನ ಸ್ವರ ನನಗೆ ಕೊಡು ಎಂದು. ಪೆಟ್ಟಿಗೆ ಮತ್ತೆ ಕೂಗಿತು. ಏನು ಕೇಳಿದೆನೆಂದು ತಿಳಿಯದೆಯೇ ಅಷ್ಟೂ ಜನ ಅದಕ್ಕೂ ಆಮೀನ್ ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅಲ್ಲಿಗೇ, ದುಆದ ಕೊನೆಗೆ ಮಾಡುವಂತೆ, ಎರಡೂ ಕೈಯಿಂದ ಮುಖ ಸವರಿಕೊಂಡು ಮುಗಿಸಿದೆ.

ಕೆಳಗಿಳಿದಾಗ ಒಬ್ಬ ಮುದುಕಿ ಎದುರು ಬಂದಳು. ಬೇರೆ ದಿನ ನಾನು ಊರಿಗೆ ಮಳೆ, ದೇಶಕ್ಕೆ ಶಾಂತಿ ಎಂದು ದೊಡ್ಡದೊಡ್ಡದನ್ನೇ ಕೇಳುತ್ತಿದ್ದೆನಂತೆ. "ಇವತ್ತ್ ನಂಗ್ ಬೇಕಾದ್ದನ್ನೇ ಕೇಂಡ್ರಿ" ಎಂದು ನನ್ನ ತಲೆ ಮುಟ್ಟಿ ಹೋದಳು.

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಈ ಊರಿನಲ್ಲಿ ಬಿರಿಯಾನಿ ಬಿಸಿಬಿಸಿಯಾಗಿ ಬಡಿಸಿದ್ದು ಇದೇ ಮೊದಲು ಎಂದು ನನ್ನ ಕೈ ಹಿಡಿದುಕೊಂಡರು.

"ಬಪ್ಪ ವರ್ಷವೂ ನೀವೇ ಬರ್ಕ್" ಎಂದರು. "ಸ್ವರ ಬಂದ್ರೂ ಅಡ್ಡಿಲ್ಲ."