ನೀಲಿ ಹರವಿಯ ಶುದ್ಧೀಕರಣ

೧೯೫೬ರ ನವೆಂಬರಿನಲ್ಲಿ ದೊಡ್ಡವರೆಲ್ಲ ಕೂಡಿ ದೇಶದ ನಕ್ಷೆಯನ್ನೇ ಬಿಡಿಸಿ ಹೊಸದಾಗಿ ಜೋಡಿಸಿದರು. ಅದನ್ನು ಕಂಡು ಹುನಗುಂದ ಕಚೇರಿಯ ಗುಮಾಸ್ತ ಹುಲ್ಲಪ್ಪನ ಕೈಯೂ ಕಡಿಯತೊಡಗಿತು. ಪಾಪ, ಜೋಡಿಸಲು ಅವನಿಗೆ ಸಿಕ್ಕಿದ್ದು ಇಳಕಲ್ಲಿನ ಸ್ವಂತ ಮನೆಯ ಹಿತ್ತಲ ಕೋಣೆಯೊಂದೇ. ಅಲ್ಲಿ ಹೆಂಡತಿ ಲಗಮವ್ವ ನೇಕಾರರ ನೂಲಿಗೆ ಬಣ್ಣ ಹಾಕುತ್ತಿದ್ದಳು.

"ಇದೇನು ಕೆಲಸದ ಜಾಗಾನೋ, ಸಂತಿಯೋ? ಕಚೇರಿ ಕಪಾಟಿನ್ಯಾಗ ನಾ ಕಣ್ಣ ಮುಚ್ಚಿ ಕೈ ಹಾಕಿದ್ರೂ ಬೇಕಾದ ಕಾಗದಾ ತೆಗೀತೇನಿ. ಇಲ್ಲೆ ಕಣ್ಣ ತೆರದ್ರೂ ಏನೂ ಸಿಗೂದಿಲ್ಲ."

"ನನಗ ಸಿಗ್ತೈತಲ್ರಿ," ಎಂದಳು ಲಗಮವ್ವ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಇಂಥ ಉತ್ತರದಿಂದ ಸಮಾಧಾನವಾದೀತೇ? ಶನಿವಾರ ಲಗಮವ್ವ ತುಳಸಿಗೇರಿ ಹಣಮಪ್ಪನ ದರ್ಶನಕ್ಕೆ ಹೊರಟಳು. ಹೋಗುವಾಗ ಎಚ್ಚರಿಸಿದಳು: "ನೇಕಾರ ಯಮನಪ್ಪನ ಮಗಳ ಮದುವಿ ಸೀರಿ ನೂಲು ಅರ್ಧಾ ಆಗೇತಿ. ಇನ್ನ ಮೂರು ಸಲ ನೀಲ್ಯಾಗ ಅದ್ದಬೇಕು. ಎಂಟ ದಿನದಾಗ ಮಗ್ಗಕ್ಕ ಕೊಡೂ ಮಾತೈತಿ. ಏನೂ ಮುಟ್ಟಬ್ಯಾಡ್ರಿ."

ಹುಲ್ಲಪ್ಪ ಬಸ್ಸು ಮರೆಯಾಗುವವರೆಗೆ ಏನನ್ನೂ ಮುಟ್ಟಲಿಲ್ಲ.

ಆಮೇಲೆ ಆಡಳಿತ ಶುರುವಾಯಿತು. ಬಣ್ಣದ ಡಬ್ಬಿಗಳಿಗೆ ಕ್ರಮಾಂಕ ಬಿತ್ತು. ನೂಲಿನ ಲಡಿಗಳನ್ನು ಕಡತಗಳಂತೆ ಕೆಂಪು ದಾರದಲ್ಲಿ ಬಿಗಿದು ಗೂಟಕ್ಕೆ ಹಾಕಿದ. ಕೊನೆಗೆ ಮೂಲೆಯ ನೆಲದಲ್ಲಿ ಕುತ್ತಿಗೆಯವರೆಗೆ ಹೂತಿದ್ದ ದೊಡ್ಡ ಮಣ್ಣಿನ ಗಡಿಗೆಯ, ಅಂದರೆ ನೀಲಿ ಹರವಿಯ ಮುಚ್ಚಳ ತೆಗೆದ. ಆ ನಾತಕ್ಕೆ ಎರಡು ಹೆಜ್ಜೆ ಹಿಂದೆ ಬಂದು ಗೋಡೆ ಹಿಡಿದುಕೊಂಡ. ಮೂಗಿಗೆ ಟವೆಲ್ಲು ಕಟ್ಟಿಕೊಂಡು ತಂಬಿಗೆಯಿಂದ ತೋಡಿ ತೋಡಿ ಎಲ್ಲವನ್ನೂ ಚರಂಡಿಗೆ ಚೆಲ್ಲಿದ. ಹರವಿಯನ್ನು ಬೂದಿ ಹಾಕಿ ತಿಕ್ಕಿ, ಬಾವಿಯ ನೀರು ತುಂಬಿ, ಚೀಟಿ ಹಚ್ಚಿದ: "ಕ್ರಮಾಂಕ ೭. ನೀಲಿ. ಸ್ವಚ್ಛಗೊಳಿಸಲಾಗಿದೆ." ಕೆಳಗೆ ಸಹಿ, ದಿನಾಂಕ.

ರವಿವಾರ ಸಂಜೆ ಓಣಿಗೆ ಕಾಲಿಟ್ಟ ಲಗಮವ್ವನಿಗೆ ಮೊದಲು ಎದುರಾದದ್ದು ನೆರೆಮನೆಯ ಲಾಡಬಿಯ ಬಿಳಿ ಆಡು. ಚರಂಡಿಗಿಳಿದು ಮೊಣಕಾಲತನಕ ನೀಲಿಯಾಗಿ, ಕಾಲುಚೀಲ ಹಾಕಿಕೊಂಡ ಸಾಹೇಬರ ಠೀವಿಯಲ್ಲಿ ತಿರುಗುತ್ತಿತ್ತು. ಆ ನೀಲಿ ಎಲ್ಲಿಯದೆಂದು ಲಗಮವ್ವ ಕಂಡಕೂಡಲೇ ಗುರುತಿಸಿದಳು. ಓಡುತ್ತ ಒಳಗೆ ಬಂದಳು.

"ಹರವ್ಯಾಗಿಂದು ಎಲ್ಲಿ?"

"ಆ ಕೊಳತ ನೀರ? ಚೆಲ್ಲೀನಿ. ಹೊಸಾದು ತುಂಬೀನಿ ನೋಡು."

"ಅದು ಕೊಳತದ್ದಲ್ರಿ, ಹುದುಗಿದ್ದು. ನಮ್ಮವ್ವ ಕೊಟ್ಟ ಹೆಪ್ಪು. ಹನ್ನೊಂದ ವರ್ಷ ಬೆಲ್ಲಾ, ಸುಣ್ಣಾ ಹಾಕಿ ಸಾಕೀನಿ. ಹೆಪ್ಪಿಲ್ಲದ ಹರವಿ ಹುದುಗಿ ಏಳಾಕ ತಿಂಗಳ ಬೇಕು. ಯಮನಪ್ಪಗ ಏನ ಹೇಳ್ಲಿ?"

ಹೇಳಿ ಅಲ್ಲಿಯೇ ಕುಳಿತು ಅತ್ತುಬಿಟ್ಟಳು. ಮದುವೆಯ ನೂಲಿಗೆ ಮಾತು ತಪ್ಪಿದ ಕೈಗೆ ಇಳಕಲ್ಲಿನಲ್ಲಿ ಮತ್ತೆ ಯಾರೂ ನೂಲು ಕೊಡುವುದಿಲ್ಲ. ಇದು ಹುಲ್ಲಪ್ಪನಿಗೂ ಗೊತ್ತಿತ್ತು. ಕಪಾಟು, ಕ್ರಮಾಂಕ ಎಲ್ಲ ಮರೆತು ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಹೆಪ್ಪು ಬ್ಯಾರೆ ಕಡೆ ಸಿಗೂದಿಲ್ಲೇನು?"

"ಸಿಗ್ತೈತಿ. ಹಿಂದಿನ ಓಣ್ಯಾಗ ನೀಲಿ ಹಾಕೂ ಗುಲಾಬಬಿ ಕಡೆ. ಒಂದ ಕೊಡಾ ಕೊಟ್ರ ಐದ ದಿನಕ್ಕ ಹರವಿ ಏಳ್ತೈತಿ. ಹೋಗ್ರಿ, ನೀವ ಕೇಳ್ರಿ."

ಹುಲ್ಲಪ್ಪನ ಮುಖ ಬಾಡಿತು. ಗುಲಾಬಬಿಯ ಹರವಿ ನಾರುತ್ತದೆ, ಅದನ್ನು ಊರ ಹೊರಗೆ ಹಾಕಿಸಬೇಕು ಎಂದು ಹಿಂದಿನ ತಿಂಗಳಷ್ಟೇ ಅರ್ಜಿ ಗುಜರಾಯಿಸಿದ ಮಹಾನುಭಾವ ಇವನೇ.

ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತವನನ್ನು ಗುಲಾಬಬಿ ಮೇಲಿಂದ ಕೆಳಗೆ ನೋಡಿದಳು.

"ಅಕ್ಕಾರ, ಒಂದ ಕೊಡಾ..."

"ಬಾಯಿಮಾತ ನಡ್ಯೂದಿಲ್ರಿ ಹುಲ್ಲಪ್ಪನವರ. ನಾತದ ವ್ಯವಹಾರಾ ನೀವು ಕಾಗದದ ಮ್ಯಾಲೇ ಮಾಡವರು. ಅರ್ಜಿ ಬರ್ದು ಕೊಡ್ರಿ."

ಅವಳ ಕಟ್ಟೆಯ ಮೇಲೆ ಕುಳಿತು ಹುಲ್ಲಪ್ಪ ಬರೆದ: "ತಮ್ಮ ಹರವಿಯಿಂದ ಹೊರಡುವ ವಾಸನೆಯು ಓಣಿಗೆ ಭೂಷಣಪ್ರಾಯವಾಗಿದ್ದು, ಅದರಲ್ಲಿ ಒಂದು ಕೊಡದಷ್ಟನ್ನು ಈ ಸೇವಕನಿಗೆ ದಯಪಾಲಿಸಬೇಕಾಗಿ ಪ್ರಾರ್ಥನೆ."

"ನನಗ ಓದಾಕ ಬರೂದಿಲ್ರಿ. ನೀವ ಓದ್ರಿ, ಓಣಿಗೆಲ್ಲಾ ಕೇಳೂಹಂಗ."

ಓದಿದ. ಅಷ್ಟರಲ್ಲಿ ನೆರೆದಿದ್ದ ಓಣಿಯ ಮಂದಿಯಲ್ಲಿ ಹಿಂದೆ ಕುಳಿತವರಿಗೆ ಕೇಳಲಿಲ್ಲವಂತೆ, ಇನ್ನೊಮ್ಮೆ ಓದಿದ. ಗುಲಾಬಬಿ ಅರ್ಜಿಯನ್ನು ಮಡಚಿ ಟ್ರಂಕಿನಲ್ಲಿಟ್ಟು, ಕೊಡದ ತುಂಬ ಹೆಪ್ಪು ಸುರಿದು, ತಾನೇ ಎತ್ತಿ ಅವನ ತಲೆಯ ಮೇಲಿಟ್ಟಳು.

"ನೆಟ್ಟಗ ಹಿಡೀರಿ. ಚೆಲ್ಲಿದ್ರ ಮತ್ತೊಂದ ಅರ್ಜಿ ಬರೀಬೇಕಾಗ್ತೈತಿ."